ಕಾಣೆಯಾದ ಕಂಡೆನ್ಸೇಟ್: ಒಂಬತ್ತು ದಿನಗಳ ದುರಸ್ತಿ ದಾಖಲೆ

ಮೊದಲ ದಿನ

ಆರು ತಿಂಗಳಿಂದ ಬಹುತೇಕ ಪ್ರತಿದಿನವೂ ಬೋಸ್–ಐನ್‌ಸ್ಟೈನ್ ಕಂಡೆನ್ಸೇಟ್ ಕೊಡುತ್ತಿದ್ದ ನಮ್ಮ ರುಬಿಡಿಯಂ ಉಪಕರಣವು ಇಂದು ಬೆಳಿಗ್ಗೆ ಅದನ್ನು ಕೊಡಲಿಲ್ಲ. ಪರಮಾಣುಗಳು ಬಲೆಯಿಂದ ಬಿಡುಗಡೆಯಾಗಿ 25 ಮಿಲಿಸೆಕೆಂಡುಗಳ ಕಾಲ ಕೆಳಗೆ ಬಿದ್ದ ಮೇಲೆ ತೆಗೆದ ನೆರಳುಚಿತ್ರದ ನಡುವೆ ಎದ್ದು ಕಾಣಬೇಕಾಗಿದ್ದ ಕಡುಗಪ್ಪು ಗುರುತು ಇರಲಿಲ್ಲ. ಅದರ ಜಾಗದಲ್ಲಿ, ಅಂಚಿನ ಕಡೆಗೆ ಮೆಲ್ಲಗೆ ತಿಳಿಯಾಗುತ್ತ ಹೋಗುವ ದುಂಡನೆಯ, ಮಸುಕಾದ ಮೋಡವೊಂದಿತ್ತು. ಅದು ಬರಿಯ ಉಷ್ಣ ಅನಿಲ. ಕಂಡೆನ್ಸೇಟ್‌ನ, ಅಂದರೆ ಲಕ್ಷಾಂತರ ಪರಮಾಣುಗಳು ಒಂದೇ ಅಲೆಯಾಗಿ ವರ್ತಿಸುವ ಸ್ಥಿತಿಯ, ಸುಳಿವು ಅದರಲ್ಲಿ ಎಲ್ಲಿಯೂ ಇರಲಿಲ್ಲ.

ದುರಸ್ತಿಯ ವಿವರ ಅರ್ಥವಾಗಬೇಕಾದರೆ ಉಪಕರಣದ ಕೆಲಸದ ಸರಣಿ ತಿಳಿದಿರಬೇಕು. ರುಬಿಡಿಯಂ-87ರ ಪರಮಾಣುಗಳನ್ನು ಮೊದಲು 780 ನ್ಯಾನೋಮೀಟರ್ ತರಂಗದೂರದ ಆರು ಲೇಸರ್ ಕಿರಣಗಳು ಕೂಡುವೆಡೆಯಲ್ಲಿ, ಎರಡು ಸುರುಳಿಗಳ ಕಾಂತಕ್ಷೇತ್ರದ ನಡುವೆ ಹಿಡಿಯುತ್ತೇವೆ. ಪ್ರಯೋಗಾಲಯದ ಮಾತಿನಲ್ಲಿ ಇದಕ್ಕೆ ಮಾಟ್ ಎಂದು ಹೆಸರು. ಹತ್ತು ಸೆಕೆಂಡುಗಳಲ್ಲಿ ಅಲ್ಲಿ ಸುಮಾರು 100 ಕೋಟಿ ಪರಮಾಣುಗಳು ಸೇರುತ್ತವೆ. ಆಮೇಲೆ ಕಾಂತಕ್ಷೇತ್ರವನ್ನು ಆರಿಸಿ, ಲೇಸರ್‌ನ ಆವೃತ್ತಿಯನ್ನು ಅನುರಣನೆಯಿಂದ ಇನ್ನಷ್ಟು ಕೆಳಕ್ಕೆ ಸರಿಸಿ, ಕೆಲವು ಮಿಲಿಸೆಕೆಂಡುಗಳ ಕಾಲ ಬೆಳಕಿನಿಂದಲೇ ಮತ್ತಷ್ಟು ತಂಪುಗೊಳಿಸುತ್ತೇವೆ. ಇದು ಮೊಲಾಸಸ್ ಹಂತ. ಅದರ ಕೊನೆಯಲ್ಲಿ ರಿಪಂಪ್ ಎಂಬ ಎರಡನೆಯ ಲೇಸರ್ ಬೆಳಕನ್ನು ತುಸು ಮುಂಚಿತವಾಗಿ ಆರಿಸಿದರೆ ಪರಮಾಣುಗಳೆಲ್ಲ ಎಫ್ = 1 ಎಂಬ ಕೆಳಗಿನ ಮಟ್ಟಕ್ಕೆ ಇಳಿಯುತ್ತವೆ. ಆಗ ಎಲ್ಲ ಬೆಳಕನ್ನೂ ಮುಚ್ಚಿ ಕಾಂತೀಯ ಬಲೆಯನ್ನು ಏರಿಸುತ್ತೇವೆ. ಎಫ್ = 1ರ ಮೂರು ಉಪಸ್ಥಿತಿಗಳಲ್ಲಿ, ಅಂದರೆ ಒಳಮಟ್ಟಗಳಲ್ಲಿ, ಒಂದನ್ನು ಮಾತ್ರ ಈ ಬಲೆ ಹಿಡಿದಿಡಬಲ್ಲದಾದ್ದರಿಂದ ಸುಮಾರು 30 ಕೋಟಿ ಪರಮಾಣುಗಳು ಉಳಿಯುತ್ತವೆ. ಬಲೆಯನ್ನು ಬಿಗಿಗೊಳಿಸಿ, ಅತಿ ಬಿಸಿಯಾದ ಪರಮಾಣುಗಳನ್ನು ರೇಡಿಯೋ ಅಲೆಯಿಂದ ಹೊರದೂಡುತ್ತ, ಉಳಿದವು ಒಂದಕ್ಕೊಂದು ಡಿಕ್ಕಿ ಹೊಡೆದು ಹೊಸ ಸಮತೋಲಕ್ಕೆ ಬಂದು ತಣ್ಣಗಾಗಲು ಬಿಡುತ್ತೇವೆ. ಇದು ಆವೀಕರಣ. ಕೊನೆಗೆ ಅವನ್ನು 1064 ನ್ಯಾನೋಮೀಟರಿನ ಒಂದು ಲೇಸರ್ ಕಿರಣದೊಳಕ್ಕೆ ವರ್ಗಾಯಿಸುತ್ತೇವೆ. ಆ ಕಿರಣದ ತ್ರಿಜ್ಯ ಅತಿ ಕಿರಿದಾದೆಡೆಯಲ್ಲಿ 60 ಮೈಕ್ರೋಮೀಟರ್. ಅದರ ಶಕ್ತಿಯನ್ನು 5 ವಾಟ್‌ನಿಂದ ಸುಮಾರು 90 ಮಿಲಿವಾಟ್‌ಗೆ ಇಳಿಸುವಾಗ ಕಂಡೆನ್ಸೇಟ್ ಮೂಡುತ್ತದೆ. 2009ರಲ್ಲಿ ಸ್ಪೀಲ್ಮನ್, ಪೋರ್ಟೊ ಮತ್ತು ಸಂಗಡಿಗರು ವಿವರಿಸಿದ ಮಿಶ್ರ ಬಲೆಯ ಮಾದರಿಯನ್ನೇ ನಾವು ಅನುಸರಿಸಿದ್ದೇವೆ.

ಇಂದು ಮಾಟ್‌ನ ಹೊಳಪು ಎಂದಿನಷ್ಟೇ ಇತ್ತು. ಲೇಸರ್‌ಗಳು ಸರಿಯಾದ ರೇಖೆಗೇ ಲಾಕ್ ಆಗಿದ್ದವು, ಆರೂ ಕಿರಣಗಳ ಶಕ್ತಿ ಸರಿಯಾಗಿತ್ತು, ಸುರುಳಿಗಳ ವಿದ್ಯುತ್ತಿನಲ್ಲಿ ವ್ಯತ್ಯಾಸವಿರಲಿಲ್ಲ. ಆದ್ದರಿಂದ ದೋಷವು ಸರಣಿಯ ಕೊನೆಯಲ್ಲಿದೆ ಎಂದು ಭಾವಿಸಿ, 1064ರ ಕಿರಣವನ್ನು ತಿರುಗಿಸುವ ಕನ್ನಡಿಯ ಲಂಬ ತಿರುಪನ್ನು ಮೆಲ್ಲನೆ ತಿರುಗಿಸಿ, ವರ್ಗಾವಣೆಯಾಗುವ ಪರಮಾಣುಗಳ ಸಂಖ್ಯೆ ಅತಿ ಹೆಚ್ಚಾಗುವ ಜಾಗದಲ್ಲಿ ನಿಲ್ಲಿಸಿದೆ. ಸಂಖ್ಯೆ ತುಸು ಏರಿತು, ಕಂಡೆನ್ಸೇಟ್ ಮಾತ್ರ ಬರಲಿಲ್ಲ. ತಿರುಪನ್ನು ಎಷ್ಟು ತಿರುಗಿಸಿದೆನೆಂಬುದನ್ನು ಪುಸ್ತಕದಲ್ಲಿ ಬರೆದಿಟ್ಟೆ. ಅಳತೆಗೆ ಮೊದಲೇ ಮಾಡಿದ ಈ ಹೊಂದಾಣಿಕೆಯ ಪರಿಣಾಮ ಎಂಟನೆಯ ದಿನ ಎದುರಾಯಿತು.

ಎರಡನೆಯ ದಿನ

ಇಂದು ಏನನ್ನೂ ಮುಟ್ಟದೆ ಸರಣಿಯ ಪ್ರತಿ ಹಂತದಲ್ಲಿಯೂ ಪರಮಾಣುಗಳ ಸಂಖ್ಯೆ ಮತ್ತು ಉಷ್ಣಾಂಶ ಎರಡನ್ನೂ ಅಳೆದೆವು. ಸಂಖ್ಯೆಯೊಂದನ್ನೇ ನೋಡಿದರೆ ಸಾಲದು ಎಂಬುದಕ್ಕೆ ಭೌತಿಕ ಕಾರಣವಿದೆ. ಪ್ರತಿ ಪರಮಾಣುವಿಗೂ ಅದರ ಉಷ್ಣಾಂಶಕ್ಕೆ ತಕ್ಕಂತೆ ಒಂದು ತರಂಗದೂರವಿರುತ್ತದೆ. ಕೋಣೆಯ ಉಷ್ಣಾಂಶದಲ್ಲಿ ರುಬಿಡಿಯಂ ಪರಮಾಣುವಿನ ಈ ಅಲೆ ಒಂದು ನ್ಯಾನೋಮೀಟರಿನ ನೂರನೇ ಒಂದು ಭಾಗದಷ್ಟು, ಅಂದರೆ ಪರಮಾಣುವಿಗಿಂತಲೂ ಎಷ್ಟೋ ಚಿಕ್ಕದು. 100 ನ್ಯಾನೋಕೆಲ್ವಿನ್‌ಗೆ ಇಳಿದಾಗ ಅದೇ ಅಲೆ 0.6 ಮೈಕ್ರೋಮೀಟರ್‌ವರೆಗೆ ಹಿಗ್ಗುತ್ತದೆ. ಈ ತರಂಗದೂರವನ್ನೇ ಬದಿಯಾಗಿ ಉಳ್ಳ ಒಂದು ಘನದೊಳಗೆ ಸರಾಸರಿ ಎಷ್ಟು ಪರಮಾಣುಗಳಿವೆ ಎಂಬ ಎಣಿಕೆಯನ್ನು ಫೇಸ್ ಸ್ಪೇಸ್ ಸಾಂದ್ರತೆ ಎನ್ನುತ್ತಾರೆ. ಅದು 2.612ನ್ನು ತಲುಪಿದಾಗ ಪರಮಾಣುಗಳ ಅಲೆಗಳು ಒಂದರ ಮೇಲೊಂದು ಹರಡಿಕೊಂಡು, ಬೋಸಾನ್ ಎಂಬ ವರ್ಗಕ್ಕೆ ಸೇರಿದ ಈ ಪರಮಾಣುಗಳು ಅತಿ ಕೆಳಗಿನ ಸ್ಥಿತಿಯಲ್ಲಿ ಗುಂಪುಗೂಡತೊಡಗುತ್ತವೆ. 1924ರಲ್ಲಿ ಸತ್ಯೇಂದ್ರನಾಥ ಬೋಸ್ ಬೆಳಕಿನ ಕಣಗಳಿಗಾಗಿ ಹೂಡಿದ ಎಣಿಕೆಯ ಕ್ರಮವನ್ನು ಐನ್‌ಸ್ಟೈನ್ ಅನಿಲಕ್ಕೆ ಅನ್ವಯಿಸಿದಾಗ ಹೊರಬಂದ ಫಲಿತಾಂಶವಿದು. ನಮ್ಮ ಇಡೀ ಉಪಕರಣದ ಕೆಲಸವೆಂದರೆ ಈ ಒಂದು ಎಣಿಕೆಯನ್ನು ಏರಿಸುವುದು. ಪರಮಾಣುಗಳ ಸಂಖ್ಯೆಯನ್ನು ಅದಕ್ಕಾಗಿ ನಾವು ತೆರುತ್ತೇವೆ.

ಬಿಗಿಗೊಳಿಸಿದ ಕಾಂತೀಯ ಬಲೆಯಲ್ಲಿ, ರೇಡಿಯೋ ಅಲೆ ಹಚ್ಚುವ ಮೊದಲು, ಹಿಂದೆ ದಾಖಲಿಸಿದ್ದ ಉಷ್ಣಾಂಶ 180 ಮೈಕ್ರೋಕೆಲ್ವಿನ್. ಇಂದು ಕಂಡದ್ದು 240. ಪರಮಾಣುಗಳ ಸಂಖ್ಯೆ ಎರಡು ಸಲವೂ 30 ಕೋಟಿಯೇ. ಮೇಲುನೋಟಕ್ಕೆ ಇದು ದೊಡ್ಡ ವ್ಯತ್ಯಾಸವೆನಿಸುವುದಿಲ್ಲ. ಆದರೆ ನಮ್ಮ ಬಲೆಯ ಕ್ಷೇತ್ರ ನಡುವಿನಿಂದ ನೇರಗೆರೆಯಂತೆ ಏರುವುದರಿಂದ ಮೋಡದ ಗಾತ್ರವು ಉಷ್ಣಾಂಶದ ಘನದಂತೆ ಹಿಗ್ಗುತ್ತದೆ, ತರಂಗದೂರವೂ ಅದೇ ವೇಳೆಗೆ ಕುಗ್ಗುತ್ತದೆ. ಎರಡೂ ಸೇರಿ ಫೇಸ್ ಸ್ಪೇಸ್ ಸಾಂದ್ರತೆಯು ಉಷ್ಣಾಂಶದ ನಾಲ್ಕೂವರೆ ಘಾತಕ್ಕೆ ವಿಲೋಮವಾಗಿ ಇಳಿಯುತ್ತದೆ. ಲೆಕ್ಕ ಹಾಕಿದರೆ, ಹಿಂದೆ 2.2 × 10⁻⁷ ಇದ್ದದ್ದು ಈಗ 6 × 10⁻⁸. ಓಟ ಶುರುವಾಗುವ ಮೊದಲೇ ನಾವು ಮೂರೂವರೆ ಪಟ್ಟಿಗಿಂತ ಹೆಚ್ಚು ಹಿಂದೆ ಬಿದ್ದಿದ್ದೆವು. ಇದಕ್ಕಿಂತಲೂ ಕೆಟ್ಟದ್ದು ಡಿಕ್ಕಿಗಳ ಲೆಕ್ಕ. ಹಿಂದೆ ಮೋಡದ ಪ್ರತಿ ಪರಮಾಣುವೂ ಸರಾಸರಿ ಸೆಕೆಂಡಿಗೆ ಎರಡು ಸಲ ಇನ್ನೊಂದಕ್ಕೆ ಡಿಕ್ಕಿ ಹೊಡೆಯುತ್ತಿತ್ತು; ಈಗ ಒಂದೇ ಸಲ. ಬಿಸಿ ಪರಮಾಣುಗಳನ್ನು ಹೊರದೂಡಿದ ಮೇಲೆ ಉಳಿದವು ಸಮತೋಲಕ್ಕೆ ಬರುವುದು ಡಿಕ್ಕಿಗಳಿಂದಲೇ. ಡಿಕ್ಕಿಯಿಲ್ಲದೆ ಆವೀಕರಣ ನಡೆಯದು.

ಹಳೆಯ ಪುಟಗಳನ್ನು ತಿರುವಿದಾಗ ಇನ್ನೊಂದು ಸಂಗತಿ ಕಂಡಿತು. ಕಳೆದ ಒಂದು ತಿಂಗಳಿನಿಂದ ಕಂಡೆನ್ಸೇಟ್‌ನಲ್ಲಿನ ಪರಮಾಣುಗಳ ಸಂಖ್ಯೆ ನಿಧಾನವಾಗಿ, ಒಂದೇ ದಿಕ್ಕಿನಲ್ಲಿ ಇಳಿಯುತ್ತ ಬಂದಿತ್ತು. ಪ್ರತಿದಿನದ ಇಳಿಕೆ ಚಿಕ್ಕದಾದ್ದರಿಂದ ನಾವು ಅದನ್ನು ದಿನದಿನದ ಏರುಪೇರೆಂದೇ ಎಣಿಸಿದ್ದೆವು. ಹಾಗಾದರೆ ದೋಷಗಳು ಎರಡಿರಬೇಕು: ನಿಧಾನವಾಗಿ ಬೆಳೆದದ್ದು ಒಂದು, ಮೊನ್ನೆ ಒಮ್ಮೆಗೇ ಬಂದದ್ದು ಇನ್ನೊಂದು.

ಮೂರನೆಯ ಮತ್ತು ನಾಲ್ಕನೆಯ ದಿನ

ಹೆಚ್ಚಿನ ಉಷ್ಣಾಂಶದ ಮೂಲವನ್ನು ಹುಡುಕುತ್ತ ಒಂದು ಹಂತ ಹಿಂದಕ್ಕೆ, ಮೊಲಾಸಸ್‌ಗೆ ಹೋದೆವು. ಉಷ್ಣಾಂಶ ಅಳೆಯುವ ಕ್ರಮ ಸರಳ: ಬೆಳಕನ್ನು ಆರಿಸಿ ಮೋಡವನ್ನು ಬಿಟ್ಟು, 5ರಿಂದ 20 ಮಿಲಿಸೆಕೆಂಡುಗಳವರೆಗೆ ಬೇರೆ ಬೇರೆ ಅವಧಿಯ ನಂತರ ಅದರ ಅಗಲವನ್ನು ನೋಡಬೇಕು. ಅಗಲದ ವರ್ಗವನ್ನು ಕಾಲದ ವರ್ಗಕ್ಕೆ ಎದುರಾಗಿ ಗುರುತಿಸಿದರೆ ನೇರಗೆರೆ ಬರುತ್ತದೆ, ಅದರ ಇಳಿಜಾರಿನಿಂದ ಉಷ್ಣಾಂಶ ಸಿಗುತ್ತದೆ. ಮೋಡ ಹಿಗ್ಗುವ ವೇಗ ಸೆಕೆಂಡಿಗೆ 4.4 ಸೆಂಟಿಮೀಟರ್ ಇರಬೇಕಾಗಿತ್ತು, ಸಿಕ್ಕಿದ್ದು 7.2. ಅಂದರೆ 20 ಮೈಕ್ರೋಕೆಲ್ವಿನ್‌ಗೆ ಬದಲಾಗಿ ಸುಮಾರು 55.

ಈ ಅಂಕಿಯೇ ದಾರಿ ತೋರಿಸಿತು. ರುಬಿಡಿಯಂಗೆ ಡಾಪ್ಲರ್ ತಂಪಿನ ಮಿತಿ, ಅಂದರೆ ಲೇಸರ್ ತಂಪಿನ ಸರಳ ಸಿದ್ಧಾಂತ ಹೇಳುವ ಅತಿ ಕಡಿಮೆ ಉಷ್ಣಾಂಶ, 146 ಮೈಕ್ರೋಕೆಲ್ವಿನ್. 1988ರಲ್ಲಿ ವಿಲಿಯಂ ಫಿಲಿಪ್ಸ್ ಅವರ ತಂಡವು ಸೋಡಿಯಂ ಪರಮಾಣುಗಳಲ್ಲಿ ಇಂಥ ಮಿತಿಗಿಂತ ಬಹಳ ಕೆಳಗಿನ ಉಷ್ಣಾಂಶವನ್ನು ಅಳೆದಾಗ ಅದು ಅನಿರೀಕ್ಷಿತವಾಗಿತ್ತು. ಬೆಳಕಿನ ಧ್ರುವೀಕರಣವು ಜಾಗದಿಂದ ಜಾಗಕ್ಕೆ ಬದಲಾಗುತ್ತಿರುವಾಗ, ಚಲಿಸುವ ಪರಮಾಣು ತನ್ನ ಉಪಸ್ಥಿತಿಗಳ ನಡುವೆ ಸರಿಯಾದ ಹೊತ್ತಿಗೆ ಹೊಂದಿಕೊಳ್ಳಲಾರದೆ ಮತ್ತೆ ಮತ್ತೆ ಶಕ್ತಿಯ ದಿಬ್ಬ ಹತ್ತಬೇಕಾಗುತ್ತದೆ, ಹಾಗೆ ಹತ್ತುತ್ತ ವೇಗ ಕಳೆದುಕೊಳ್ಳುತ್ತದೆ ಎಂಬ ವಿವರಣೆ ಆಮೇಲೆ ಬಂದಿತು. ಈ ಸೂಕ್ಷ್ಮ ಕೆಲಸವನ್ನು ಹೊರಗಿನ ಕಾಂತಕ್ಷೇತ್ರ ಕೆಡಿಸುತ್ತದೆ, ಏಕೆಂದರೆ ಅದು ಉಪಸ್ಥಿತಿಗಳನ್ನು ತನ್ನದೇ ಲಯದಲ್ಲಿ ಕಲಸಿಬಿಡುತ್ತದೆ. ಡಾಪ್ಲರ್ ಮಿತಿಗಿಂತ ಕೆಳಗಿದ್ದೂ ಸಾಕಷ್ಟು ಕೆಳಗಿಳಿಯದಿರುವುದು ಹೊರಗಿನ ಕ್ಷೇತ್ರದ ಲಕ್ಷಣವೆಂದು ನಾನು ಬಗೆದೆ.

ಗಾಜಿನ ಕೋಶದೊಳಗೆ ಕಾಂತಮಾಪಕವನ್ನು ಇಡಲಾಗದು, ಪರಮಾಣುಗಳೇ ಮಾಪಕವಾಗಬೇಕು. ಮೊಲಾಸಸ್ ಮುಗಿದ ಮೇಲೆ ಬೀಳುತ್ತಿರುವ ಮೋಡಕ್ಕೆ ಒಂದು ಮಿಲಿಸೆಕೆಂಡಿನ ಮೈಕ್ರೋವೇವ್ ಮಿಡಿತವೊಂದನ್ನು ಕೊಟ್ಟು, ಎಫ್ = 1ರಿಂದ ಎಫ್ = 2ಕ್ಕೆ ಎಷ್ಟು ಪರಮಾಣುಗಳು ಏರಿದವೆಂದು ಎಣಿಸಿದೆವು. ಈ ಎರಡು ಮಟ್ಟಗಳ ಅಂತರ 6.834682 ಗಿಗಾಹರ್ಟ್ಸ್. ಕಾಂತಕ್ಷೇತ್ರವಿದ್ದರೆ ಈ ಒಂದು ರೇಖೆ ಏಳಾಗಿ ಸೀಳುತ್ತದೆ, ಅಕ್ಕಪಕ್ಕದ ರೇಖೆಗಳ ಅಂತರ ಪ್ರತಿ ಗಾಸ್‌ಗೆ 0.7 ಮೆಗಾಹರ್ಟ್ಸ್. ನಮಗೆ ಕಂಡ ಅಂತರ 105 ಕಿಲೋಹರ್ಟ್ಸ್, ಅಂದರೆ 150 ಮಿಲಿಗಾಸ್. ಸರಿದೂಗಿಸುವ ಸುರುಳಿಗಳಲ್ಲಿ ಮೂರು ದಿಕ್ಕುಗಳ ವಿದ್ಯುತ್ತನ್ನು ಒಂದೊಂದಾಗಿ ಬದಲಿಸಿ ನೋಡಿದಾಗ, ಅದರ ಲಂಬ ದಿಕ್ಕಿನ ಅಂಶ 120 ಮಿಲಿಗಾಸ್, ಅಡ್ಡ ದಿಕ್ಕಿನದು 90 (ಲಂಬಕೋನದಲ್ಲಿ ಕೂಡುವುದರಿಂದ ಒಟ್ಟು 150) ಎಂದು ತಿಳಿಯಿತು.

ಕ್ಷೇತ್ರವನ್ನು ಸುರುಳಿಗಳಿಂದಲೇ ಸರಿದೂಗಿಸಿ ಮುಂದುವರಿಯಬಹುದಾಗಿತ್ತು. ಆದರೆ ಆರು ತಿಂಗಳು ಬದಲಾಗದೆ ಇದ್ದ ಕ್ಷೇತ್ರ ಒಮ್ಮೆಗೇ ಬದಲಾಗಿರುವಾಗ ಅದರ ಕಾರಣವನ್ನು ಕಾಣದೆ ಬಿಡುವುದು ನನಗೆ ಸರಿಯೆನಿಸಲಿಲ್ಲ, ಏಕೆಂದರೆ ಅದೇ ಕಾರಣ ನಾಳೆ ಮತ್ತೆ ಜರುಗಬಹುದು. ಮೇಜಿನ ಸುತ್ತ ಹುಡುಕಿದಾಗ ಗಾಜಿನ ಕೋಶದಿಂದ ಸುಮಾರು 30 ಸೆಂಟಿಮೀಟರ್ ದೂರದಲ್ಲಿ, ಮೇಜಿನ ಕೆಳಗಿನ ಉಕ್ಕಿನ ಚೌಕಟ್ಟಿಗೆ ಅಂಟಿಕೊಂಡಿದ್ದ ಕಾಂತೀಯ ತಳದ ಒಂದು ಹಿಡಿಕೆ ಸಿಕ್ಕಿತು. ಹಿಂದಿನ ವಾರ ದೀಪ ಹಿಡಿಯಲೆಂದು ನಾನೇ ಅದನ್ನು ಅಲ್ಲಿಟ್ಟು ಮರೆತಿದ್ದೆ. ತೆಗೆದ ಕೂಡಲೇ ಏಳು ರೇಖೆಗಳು ಹತ್ತಿರ ಬಂದವು. ಸುರುಳಿಗಳನ್ನು ತುಸು ಹೊಂದಿಸಿದ ಮೇಲೆ ಅವು ಒಂದರೊಳಗೊಂದು ಕೂಡಿ ಸುಮಾರು ಒಂದು ಕಿಲೋಹರ್ಟ್ಸ್ ಅಗಲದ ಒಂದೇ ರೇಖೆಯಾದವು. ಮೊಲಾಸಸ್ ಉಷ್ಣಾಂಶ 21 ಮೈಕ್ರೋಕೆಲ್ವಿನ್. ಬಿಗಿಗೊಳಿಸಿದ ಬಲೆಯಲ್ಲಿ 182. ನಾಲ್ಕನೆಯ ದಿನದ ಸಂಜೆ ಇಡೀ ಸರಣಿಯನ್ನು ಓಡಿಸಿದೆವು. ಕಂಡೆನ್ಸೇಟ್ ಆಗಲೂ ಬರಲಿಲ್ಲ.

ಐದರಿಂದ ಏಳನೆಯ ದಿನ

ನಿಧಾನವಾಗಿ ಬೆಳೆದ ದೋಷ ಇನ್ನೂ ಉಳಿದಿತ್ತು. ಕಾಂತೀಯ ಬಲೆಯಲ್ಲಿ ಪರಮಾಣುಗಳನ್ನು 1, 5, 10, 20, 40 ಸೆಕೆಂಡುಗಳ ಕಾಲ ಸುಮ್ಮನೆ ಹಿಡಿದಿಟ್ಟು ಎಷ್ಟು ಉಳಿಯುತ್ತವೆಂದು ಎಣಿಸಿದೆವು. ಆರು ತಿಂಗಳ ಹಿಂದೆ ಬಲೆಯ ಆಯುಷ್ಯ 45 ಸೆಕೆಂಡು ಇತ್ತು. ಈಗ 11.

ಇದರ ಅರ್ಥ ಗಂಭೀರವಾದುದು. ಆವೀಕರಣ ಯಶಸ್ವಿಯಾಗಬೇಕಾದರೆ, ಕೋಶದಲ್ಲಿ ಉಳಿದಿರುವ ಬಿಸಿ ಅನಿಲದ ಕಣವೊಂದು ಬಂದು ಪರಮಾಣುವನ್ನು ಬಲೆಯಿಂದ ಹೊರಗೆ ಬಡಿಯುವುದರೊಳಗೆ ಅದು ತನ್ನ ಜೊತೆಯವರೊಂದಿಗೆ ಅನೇಕ ಡಿಕ್ಕಿಗಳನ್ನು ಮುಗಿಸಿರಬೇಕು. ಸೆಕೆಂಡಿಗೆ ಎರಡು ಡಿಕ್ಕಿ, 45 ಸೆಕೆಂಡು ಆಯುಷ್ಯ ಎಂದರೆ ಸುಮಾರು 90 ಡಿಕ್ಕಿಗಳು. ಮೋಡ ತಣ್ಣಗಾಗಿ ಕುಗ್ಗುತ್ತ ಹೋದಂತೆ ಡಿಕ್ಕಿಯ ವೇಗ ಏರುವುದರಿಂದ ಈ ಬಂಡವಾಳ ಸಾಕಾಗುತ್ತದೆ. ಮೊದಲ ದಿನದ ಸ್ಥಿತಿಯಲ್ಲಿ ಸೆಕೆಂಡಿಗೆ ಒಂದು ಡಿಕ್ಕಿ, 11 ಸೆಕೆಂಡು ಆಯುಷ್ಯ, ಅಂದರೆ ಕೇವಲ 11 ಡಿಕ್ಕಿಗಳು. ಎಂಟನೇ ಒಂದು ಭಾಗ. ಕಾಂತೀಯ ಹಿಡಿಕೆ ಬರುವವರೆಗೂ ಉಪಕರಣ ಹೇಗೋ ಕಂಡೆನ್ಸೇಟ್ ಕೊಡುತ್ತಿದ್ದುದು, ಆದರೆ ದಿನೇ ದಿನೇ ಚಿಕ್ಕದಾಗುತ್ತಿದ್ದುದು ಏಕೆಂದು ಈಗ ಅರ್ಥವಾಯಿತು. ಮಾಟ್‌ನ ಹೊಳಪು ಇದಾವುದನ್ನೂ ತೋರಿಸಲಾರದು. ಅಲ್ಲಿ ಪರಮಾಣುಗಳು ಎಡೆಬಿಡದೆ ತುಂಬಿಕೊಳ್ಳುತ್ತಲೇ ಇರುತ್ತವೆ.

ಆಯುಷ್ಯ ಕುಗ್ಗಿದರೆ ಮೊದಲು ಸಂಶಯ ಹೋಗುವುದು ನಿರ್ವಾತದ ಮೇಲೆ. ಎಲ್ಲಿಯೋ ಒಂದು ತಾಮ್ರದ ಗ್ಯಾಸ್ಕೆಟ್ ಸಡಿಲವಾಗಿರಬಹುದು, ಫ್ಲೇಂಜ್‌ನಲ್ಲಿ ಸೂಕ್ಷ್ಮ ಸೋರಿಕೆ ಇರಬಹುದು. ಅಯಾನ್ ಪಂಪ್‌ನ ವಿದ್ಯುತ್ ಸೂಚನೆ ಬದಲಾಗಿರಲಿಲ್ಲ, ಆದರೆ 10⁻¹¹ ಟಾರ್‌ನ ಒತ್ತಡದಲ್ಲಿ ಆ ಸೂಚನೆಯನ್ನು ನಂಬುವಂತಿಲ್ಲ, ಏಕೆಂದರೆ ಪಂಪ್‌ನೊಳಗಿನ ಸೋರುವ ವಿದ್ಯುತ್ತೇ ಅದನ್ನು ಮುಚ್ಚಿಹಾಕುತ್ತದೆ. ಸಹೋದ್ಯೋಗಿಯೊಬ್ಬರು ಹೀಲಿಯಂ ಸೋರಿಕೆ ಪರೀಕ್ಷೆಗೂ, ಅಗತ್ಯ ಬಿದ್ದರೆ ಇಡೀ ಕೋಶವನ್ನು ಕಾಯಿಸಿ ಶುದ್ಧಗೊಳಿಸುವುದಕ್ಕೂ ಸಿದ್ಧತೆ ಆರಂಭಿಸಿದರು. ಕಾಯಿಸುವುದೆಂದರೆ ಸುತ್ತಲಿನ ದರ್ಪಣ, ಮಸೂರಗಳನ್ನೆಲ್ಲ ಕಿತ್ತಿಡಬೇಕು. ಮತ್ತೆ ಜೋಡಿಸಲು ವಾರಗಟ್ಟಲೆ ಬೇಕು. ಅದಕ್ಕೆ ಮೊದಲು ಒಂದು ಅಗ್ಗದ ಪರೀಕ್ಷೆ ಮಾಡೋಣವೆಂದು ನಾನು ಕೇಳಿಕೊಂಡೆ: ಪರಮಾಣುಗಳು ಕಾಂತೀಯ ಬಲೆಗೆ ಸೇರಿದ ಕೂಡಲೇ, ಲೇಸರ್ ಮೇಜಿನಿಂದ ಬರುವ ಎಲ್ಲ ಆಪ್ಟಿಕಲ್ ಫೈಬರ್‌ಗಳ ಬಾಯಿಗೆ ಕಪ್ಪು ರಟ್ಟನ್ನು ಕೈಯಿಂದ ಅಡ್ಡ ಹಿಡಿದು ಆಯುಷ್ಯ ಅಳೆಯುವುದು.

ಆಯುಷ್ಯ 44 ಸೆಕೆಂಡಿಗೆ ಮರಳಿತು. ನಿರ್ವಾತ ಚೆನ್ನಾಗಿಯೇ ಇತ್ತು. ಪರಮಾಣುಗಳನ್ನು ಕೊಲ್ಲುತ್ತಿದ್ದದ್ದು ಬೆಳಕು.

ಯಾವ ಬೆಳಕು ಎಂಬುದನ್ನು ಬೇರ್ಪಡಿಸಲು ಫೈಬರ್‌ಗಳನ್ನು ಒಂದೊಂದಾಗಿ ಮುಚ್ಚಿದೆವು. ಮಾಟ್‌ನ ಮುಖ್ಯ ತಂಪುಗೊಳಿಸುವ ಬೆಳಕನ್ನು ಮುಚ್ಚಿದಾಗ ಆಯುಷ್ಯ 11 ಸೆಕೆಂಡಿನಲ್ಲೇ ಉಳಿಯಿತು. ರಿಪಂಪ್ ಬೆಳಕನ್ನು ಮಾತ್ರ ಮುಚ್ಚಿದಾಗ 43. ಇದು ಹೀಗೆಯೇ ಆಗಬೇಕು. ನಮ್ಮ ಪರಮಾಣುಗಳು ಎಫ್ = 1ರಲ್ಲಿವೆ; ತಂಪುಗೊಳಿಸುವ ಬೆಳಕು ಎಫ್ = 2ಕ್ಕೆ ಹೊಂದಿಸಿದ್ದು, ಇವುಗಳಿಂದ 6.8 ಗಿಗಾಹರ್ಟ್ಸ್‌ನಷ್ಟು ದೂರ. ರೇಖೆಯ ಸಹಜ ಅಗಲ 6.07 ಮೆಗಾಹರ್ಟ್ಸ್ ಆಗಿರುವಾಗ ಅಷ್ಟು ದೂರದ ಬೆಳಕಿನ ಪರಿಣಾಮ ಸುಮಾರು 50 ಲಕ್ಷ ಪಟ್ಟು ಕುಗ್ಗುತ್ತದೆ. ರಿಪಂಪ್ ಬೆಳಕಾದರೋ ಎಫ್ = 1ಕ್ಕೇ ಸರಿಯಾಗಿ ಶ್ರುತಿಗೂಡಿಸಿದ್ದು. ಒಂದೆರಡು ಫೋಟಾನ್ ಹೀರಿಕೊಂಡರೆ ಸಾಕು, ಪರಮಾಣು ಬಲೆ ಹಿಡಿಯಲಾರದ ಉಪಸ್ಥಿತಿಗೆ ಜಾರುತ್ತದೆ. 45ರಿಂದ 11ಕ್ಕೆ ಇಳಿಯಲು ಪ್ರತಿ ಪರಮಾಣುವೂ ಸರಾಸರಿ 15 ಸೆಕೆಂಡಿಗೆ ಒಂದು ಸಲ ಹೀಗೆ ಜಾರಿದರೆ ಸಾಕು; ಅದಕ್ಕೆ ಬೇಕಾದ ತೀವ್ರತೆ ಚದರ ಸೆಂಟಿಮೀಟರಿಗೆ 10 ಪಿಕೋವಾಟ್‌ನ ಆಸುಪಾಸು. ನಮ್ಮ ಶಕ್ತಿಮಾಪಕ ಅದನ್ನು ಕಾಣುವುದೇ ಇಲ್ಲ. ಪರಮಾಣುಗಳು ಕಾಣುತ್ತವೆ.

ರಿಪಂಪ್ ದಾರಿಯಲ್ಲಿ ಬೆಳಕನ್ನು ತಡೆಯಲು ಎರಡು ಸಾಧನಗಳಿವೆ. ಶಬ್ದದ ಅಲೆಯಿಂದ ಬೆಳಕನ್ನು ಬಾಗಿಸುವ ಸ್ಫಟಿಕವೊಂದು ಮೈಕ್ರೋಸೆಕೆಂಡಿನೊಳಗೆ ಆರಿಸುತ್ತದೆ, ಆದರೆ ಹತ್ತು ಸಾವಿರದಲ್ಲಿ ಒಂದು ಪಾಲು ಸೋರಿಯೇ ಸೋರುತ್ತದೆ. ಉಳಿದದ್ದನ್ನು ಪೂರ್ತಿ ತಡೆಯಬೇಕಾದದ್ದು ಅದರ ಹಿಂದಿನ ಯಾಂತ್ರಿಕ ಶಟರ್. ಅದನ್ನು ಬಿಚ್ಚಿ ನೋಡಿದಾಗ, ಅಲಗು ಬಂದು ತಾಗುವ ರಬ್ಬರ್ ಮೆತ್ತೆ ಹಳೆಯದಾಗಿ ಮೆತ್ತಗಾಗಿ, ಅಂಟು ಒಸರಿ, ಅಲಗು ಪೂರ್ತಿ ಕೆಳಗಿಳಿಯುವ ಮೊದಲೇ ಅಂಟಿ ನಿಲ್ಲುತ್ತಿತ್ತು. ಕಿರಣದ ಕೆಳ ಅಂಚಿನ ಒಂದು ಎಳೆಯಷ್ಟು ಬೆಳಕು ಫೈಬರ್‌ನೊಳಕ್ಕೆ ಹೋಗುತ್ತಲೇ ಇತ್ತು. ಮೆತ್ತೆ ದಿನೇ ದಿನೇ ಮೆದುವಾದಂತೆ ಆ ಎಳೆ ದಪ್ಪವಾಗುತ್ತ ಬಂದಿತ್ತು.

ಅದೇ ಶಟರ್‌ಗೆ ಹೊಸ ಮೆತ್ತೆ ಹಾಕುವ ಬದಲು, ಹಳೆಯ ಹಾರ್ಡ್ ಡಿಸ್ಕ್‌ನ ಓದುವ ತೋಳಿನಿಂದ ಹೊಸದೊಂದನ್ನು ಮಾಡಿದೆವು. ತೋಳಿನ ತುದಿಗೆ ಕಪ್ಪಾಗಿಸಿದ ತೆಳು ಅಲ್ಯೂಮಿನಿಯಂ ಹಾಳೆಯನ್ನು ಅಂಟಿಸಿ, ಸುರುಳಿಗೆ ಎರಡೂ ದಿಕ್ಕಿನಲ್ಲಿ ವಿದ್ಯುತ್ ಹಾಯಿಸುವ ಚಿಕ್ಕ ಸರ್ಕಿಟ್ ಜೋಡಿಸಿ, ಎರಡು ಮಸೂರಗಳ ನಡುವೆ ಕಿರಣ ಅತಿ ಕಿರಿದಾಗುವ ಬಿಂದುವಿನಲ್ಲಿ ಅಲಗು ಹಾಯುವಂತೆ ನಿಲ್ಲಿಸಿದೆವು. ಅಲಗು ಅಲ್ಲಿ ಕೆಲವೇ ಹತ್ತು ಮೈಕ್ರೋಮೀಟರ್ ಸರಿದರೂ ಬೆಳಕು ಪೂರ್ತಿ ಆರುತ್ತದೆ. ಫೋಟೋಡಯೋಡ್‌ನಲ್ಲಿ ಅಳೆದಾಗ ಬೆಳಕು ಆರಲು ಅರ್ಧ ಮಿಲಿಸೆಕೆಂಡಿಗಿಂತ ಕಡಿಮೆ ಸಾಕಾಯಿತು, ಅಲಗು ಪುಟಿದೇಳಲಿಲ್ಲ. ಈ ತೋಳಿನ ಜೊತೆ ಬಲವಾದ ಕಾಂತಗಳೂ ಬರುತ್ತವೆ. ನಾಲ್ಕನೆಯ ದಿನದ ಅನುಭವದ ನಂತರ ಅದನ್ನು ಪರಮಾಣುಗಳಿರುವ ಮೇಜಿನ ಹತ್ತಿರಕ್ಕೂ ತರಲಿಲ್ಲ, ದೂರದ ಲೇಸರ್ ಮೇಜಿನ ಮೇಲೆಯೇ ಬಿಗಿದೆವು. ಕೈಯಲ್ಲಿ ರಟ್ಟು ಹಿಡಿಯದೆ ಅಳೆದ ಆಯುಷ್ಯ: 44 ಸೆಕೆಂಡು.

ಎಂಟನೆಯ ದಿನ

ಈಗ ರೇಡಿಯೋ ಆವೀಕರಣ ಎಂದಿನಂತೆ ನಡೆಯಿತು. ಆವೃತ್ತಿಯನ್ನು 20 ಮೆಗಾಹರ್ಟ್ಸ್‌ನಿಂದ 3.5ಕ್ಕೆ ಇಳಿಸುವಷ್ಟರಲ್ಲಿ ಮೋಡ 25 ಮೈಕ್ರೋಕೆಲ್ವಿನ್‌ಗೆ ಬಂದಿತು, ಸಂಖ್ಯೆಯೂ ಸರಿಯಾಗಿತ್ತು. ಒಂದು ಮೆಗಾಹರ್ಟ್ಸ್ ಎಂದರೆ 48 ಮೈಕ್ರೋಕೆಲ್ವಿನ್ ಎಂಬ ಲೆಕ್ಕವನ್ನು ನೆನಪಿಟ್ಟುಕೊಂಡರೆ, ಬಲೆಯ ಅಂಚು ಮೋಡದ ಉಷ್ಣಾಂಶಕ್ಕಿಂತ ಎಷ್ಟು ಪಟ್ಟು ಮೇಲಿದೆ ಎಂಬುದನ್ನು ಪ್ರತಿ ಕ್ಷಣವೂ ಅಂದಾಜು ಮಾಡಬಹುದು. ಆದರೆ ಲೇಸರ್ ಕಿರಣಕ್ಕೆ ವರ್ಗಾಯಿಸಿದ ಮೇಲೆ ಪರಮಾಣುಗಳು ಎರಡು ಸೆಕೆಂಡುಗಳಲ್ಲಿ ಅರ್ಧದಷ್ಟು ಮಾಯವಾಗುತ್ತಿದ್ದವು.

ನಮ್ಮ ಕಾಂತೀಯ ಬಲೆಯ ನಡುವೆ ಕ್ಷೇತ್ರ ಸೊನ್ನೆಯಾಗುವ ಒಂದು ಬಿಂದುವಿದೆ. ಅದನ್ನು ಹಾಯುವ ಪರಮಾಣುವಿನ ಪುಟ್ಟ ಕಾಂತಸೂಜಿಯಂತಿರುವ ಸ್ಪಿನ್‌ಗೆ ಅನುಸರಿಸಲು ದಿಕ್ಕೇ ಇರುವುದಿಲ್ಲ. ಅದು ಮಗುಚಿಕೊಂಡು, ಬಲೆ ದೂಡುವ ಸ್ಥಿತಿಗೆ ಹೋಗಿಬಿಡುತ್ತದೆ. ಮೋಡ ತಣ್ಣಗಾದಷ್ಟೂ ನಡುವಿಗೆ ಹತ್ತಿರವಾಗುವುದರಿಂದ ಈ ತೂತು ಅತಿ ಬೇಡವಾದ ಹೊತ್ತಿನಲ್ಲೇ ದೊಡ್ಡದಾಗುತ್ತದೆ. 1995ರ ಜೂನ್‌ನಲ್ಲಿ ಬೋಲ್ಡರ್‌ನ ಜಿಲಾ ಸಂಸ್ಥೆಯಲ್ಲಿ ಎರಿಕ್ ಕಾರ್ನೆಲ್ ಮತ್ತು ಕಾರ್ಲ್ ವೀಮನ್ ಮೊದಲ ಕಂಡೆನ್ಸೇಟ್ ಪಡೆದದ್ದು ಸೊನ್ನೆಯ ಬಿಂದುವನ್ನು ವೇಗವಾಗಿ ಸುತ್ತಿಸುವ ಕ್ಷೇತ್ರವೊಂದನ್ನು ಸೇರಿಸಿ. ಅದೇ ವರ್ಷ ಎಂ.ಐ.ಟಿ.ಯಲ್ಲಿ ವುಲ್ಫ್‌ಗ್ಯಾಂಗ್ ಕೆಟರ್ಲೆ ಅವರ ತಂಡ ಪರಮಾಣುಗಳನ್ನು ವಿಕರ್ಷಿಸುವ ಲೇಸರ್ ಕಿರಣದಿಂದ ಆ ತೂತಿಗೆ ಬಿರಡೆ ಹಾಕಿತು. ಮಿಶ್ರ ಬಲೆಯಲ್ಲಿ ಇವೆರಡೂ ಇಲ್ಲ. ಪರಮಾಣುಗಳನ್ನು ಹಿಡಿಯುವ ಕಿರಣವನ್ನೇ ಸೊನ್ನೆಯ ಬಿಂದುವಿಗಿಂತ ಅದರ ತ್ರಿಜ್ಯದಷ್ಟು, ಅಂದರೆ ಸುಮಾರು 60 ಮೈಕ್ರೋಮೀಟರ್ ಕೆಳಗೆ ಇಡುತ್ತೇವೆ. ಕಾಂತಕ್ಷೇತ್ರದ ಇಳಿಜಾರನ್ನು ಸೆಂಟಿಮೀಟರಿಗೆ 28 ಗಾಸ್‌ಗೆ ತಗ್ಗಿಸುತ್ತೇವೆ. ಗುರುತ್ವವನ್ನು ಪೂರ್ತಿ ಎತ್ತಿಹಿಡಿಯಲು 30.5 ಬೇಕು, ಆದ್ದರಿಂದ ಪರಮಾಣುಗಳು ಕಾಂತಕ್ಷೇತ್ರದಿಂದ ಮೆಲ್ಲನೆ ಜಾರಿ ಕಿರಣದೊಳಗೆ ಇಳಿಯುತ್ತವೆ.

ಹಾಗಾದರೆ ಕಿರಣ ಸೊನ್ನೆಯ ಬಿಂದುವಿಗೆ ತೀರ ಹತ್ತಿರವಾಗಿದೆಯೇ? ಇದನ್ನು ಕನ್ನಡಿ ತಿರುಗಿಸದೆಯೇ ಅಳೆಯಬಹುದು. ಕಿರಣದ ಉದ್ದಕ್ಕೂ ಮೋಡವನ್ನು ಹಿಡಿದಿಡುವುದು ಕಾಂತಕ್ಷೇತ್ರ. ಆ ದಿಕ್ಕಿನ ತೂಗಾಟದ ಆವೃತ್ತಿಯು ಕಿರಣಕ್ಕೂ ಸೊನ್ನೆಯ ಬಿಂದುವಿಗೂ ಇರುವ ಅಂತರದ ವರ್ಗಮೂಲಕ್ಕೆ ವಿಲೋಮವಾಗಿರುತ್ತದೆ. ಅಡ್ಡ ಸುರುಳಿಗೆ ಚಿಕ್ಕ ಮಿಡಿತವೊಂದನ್ನು ಕೊಟ್ಟು ಮೋಡವನ್ನು ಒಮ್ಮೆ ನೂಕಿ, ಅದರ ನಡುಬಿಂದು ಹೇಗೆ ಅತ್ತಿತ್ತ ಆಡುತ್ತದೆಂದು ನೋಡಿದೆವು. 31 ಹರ್ಟ್ಸ್ ಇರಬೇಕಾದದ್ದು 58 ಇತ್ತು. ಅಂತರ 60ರ ಬದಲು 17 ಮೈಕ್ರೋಮೀಟರ್. ಕಿರಣ 43 ಮೈಕ್ರೋಮೀಟರ್‌ನಷ್ಟು ಮೇಲೆ ಇದೆ.

ಈ 43 ಎಲ್ಲಿಂದ ಬಂದಿತೆಂಬುದು ಪುಸ್ತಕದ ಮೊದಲ ಪುಟದಲ್ಲಿತ್ತು. ಕಾಂತೀಯ ಹಿಡಿಕೆಯ 120 ಮಿಲಿಗಾಸ್ ಲಂಬ ಕ್ಷೇತ್ರವು, ಸೆಂಟಿಮೀಟರಿಗೆ 28 ಗಾಸ್ ಇಳಿಜಾರಿನಲ್ಲಿ, ಸೊನ್ನೆಯ ಬಿಂದುವನ್ನು ಸರಿಯಾಗಿ 43 ಮೈಕ್ರೋಮೀಟರ್ ಮೇಲಕ್ಕೆ ಸರಿಸಿತ್ತು. ಮೊದಲ ದಿನ ನಾನು ಕನ್ನಡಿಯ ತಿರುಪಿನಿಂದ ಕಿರಣವನ್ನು ಆ ತಪ್ಪು ಜಾಗಕ್ಕೆ ಹೊಂದಿಸಿಟ್ಟಿದ್ದೆ. ಹಿಡಿಕೆ ತೆಗೆದಾಗ ಸೊನ್ನೆಯ ಬಿಂದು ತನ್ನ ಜಾಗಕ್ಕೆ ಇಳಿಯಿತು, ಕಿರಣ ಮೇಲೆಯೇ ಉಳಿಯಿತು. ಬರೆದಿಟ್ಟಿದ್ದ ಅಳತೆಯಷ್ಟೇ ತಿರುಪನ್ನು ಹಿಂದಕ್ಕೆ ತಿರುಗಿಸಿದಾಗ ತೂಗಾಟ 31 ಹರ್ಟ್ಸ್‌ಗೆ ಬಂದಿತು, ಕಿರಣದೊಳಗಿನ ನಷ್ಟವೂ ನಿಂತಿತು.

ಒಂಬತ್ತನೆಯ ದಿನ

ಬೆಳಿಗ್ಗೆ ಲೇಸರ್‌ಗಳು ಕಾದು ಸ್ಥಿರವಾಗುವವರೆಗೆ ಒಂದು ಗಂಟೆ ಕಾದು ಸರಣಿಯನ್ನು ಓಡಿಸಿದೆವು. ಕಿರಣದ ಕೊನೆಯ ಶಕ್ತಿಯನ್ನು ಒಂದೇ ಸಲ 90 ಮಿಲಿವಾಟ್‌ಗೆ ಇಳಿಸದೆ, ಹಂತ ಹಂತವಾಗಿ ಇಳಿಸುತ್ತ ಪ್ರತಿ ಸಲವೂ ಹೊಸ ಮೋಡದ ಚಿತ್ರ ತೆಗೆದೆವು. 200 ಮಿಲಿವಾಟ್‌ನಲ್ಲಿ ದುಂಡನೆಯ ಉಷ್ಣ ಮೋಡ. 150ರಲ್ಲಿಯೂ ಅದೇ. 110ರ ಹತ್ತಿರ, ಮೋಡದ ನಡುವೆ, ಸುತ್ತಲಿನ ಇಳಿಜಾರಿಗೆ ಸೇರದ ಒಂದು ಚೂಪಾದ ಏರು ಕಾಣಿಸಿಕೊಂಡಿತು. ಮೇಜಿನ ಸುತ್ತ ಇದ್ದ ಮೂವರೂ ಒಂದು ಕ್ಷಣ ಮಾತನಾಡಲಿಲ್ಲ.

90ರಲ್ಲಿ ಒಟ್ಟು 4 ಲಕ್ಷ ಪರಮಾಣುಗಳಿದ್ದವು. ಬಲೆಯ ಮೂರು ದಿಕ್ಕಿನ ಆವೃತ್ತಿಗಳ ಗುಣೋತ್ತರ ಸರಾಸರಿ ಸುಮಾರು 58 ಹರ್ಟ್ಸ್. ಇಷ್ಟು ಪರಮಾಣುಗಳಿಗೆ ಕಂಡೆನ್ಸೇಟ್ ಮೂಡಬೇಕಾದ ಉಷ್ಣಾಂಶ ಲೆಕ್ಕದಂತೆ 190 ನ್ಯಾನೋಕೆಲ್ವಿನ್. ಉಷ್ಣ ಭಾಗದ ರೆಕ್ಕೆಗಳಿಂದ ಅಳೆದ ಉಷ್ಣಾಂಶ 130. ಪರಮಾಣುಗಳ ನಡುವಿನ ವಿಕರ್ಷಣೆಯನ್ನು ಬಿಟ್ಟು ಲೆಕ್ಕ ಹಾಕಿದರೆ ನೂರಕ್ಕೆ 69ರಷ್ಟು ಕಂಡೆನ್ಸೇಟ್‌ನಲ್ಲಿರಬೇಕು. ನಮಗೆ ಕಂಡದ್ದು ಸುಮಾರು 60. ವಿಕರ್ಷಣೆ ಈ ಪಾಲನ್ನು ಕಡಿಮೆ ಮಾಡುವ ದಿಕ್ಕಿನಲ್ಲೇ ಕೆಲಸ ಮಾಡುವುದರಿಂದ ಈ ವ್ಯತ್ಯಾಸ ನನ್ನನ್ನು ಕಾಡುತ್ತಿಲ್ಲ.

ಕೊನೆಯ ಪರೀಕ್ಷೆಗಾಗಿ ಬಿಡುಗಡೆಯ ನಂತರದ ಕಾಲವನ್ನು 5 ಮಿಲಿಸೆಕೆಂಡಿನಿಂದ 25ರವರೆಗೆ ಏರಿಸುತ್ತ ಚಿತ್ರಗಳ ಸಾಲೊಂದನ್ನು ತೆಗೆದೆವು. ಉಷ್ಣ ಅನಿಲ ಹೇಗೆ ಹಿಡಿದಿದ್ದರೂ ಕೊನೆಗೆ ದುಂಡಗಾಗುತ್ತದೆ, ಏಕೆಂದರೆ ಅದರ ವೇಗ ಎಲ್ಲ ದಿಕ್ಕಿಗೂ ಒಂದೇ. ಕಂಡೆನ್ಸೇಟ್ ಹಾಗಲ್ಲ, ಬಲೆ ಎಲ್ಲಿ ಬಿಗಿಯಾಗಿ ಹಿಡಿದಿತ್ತೋ ಆ ದಿಕ್ಕಿಗೆ ಅದು ಹೆಚ್ಚು ವೇಗವಾಗಿ ಹಿಗ್ಗುತ್ತದೆ. 5 ಮಿಲಿಸೆಕೆಂಡಿನ ಚಿತ್ರದಲ್ಲಿ ಅದು ಇನ್ನೂ ಕಿರಣದ ಉದ್ದಕ್ಕೂ ಮಲಗಿತ್ತು. ಮುಂದಿನ ಚಿತ್ರಗಳಲ್ಲಿ ಅದರ ಅಡ್ಡಳತೆ ನಿಧಾನವಾಗಿಯೂ ಎತ್ತರ ಅದಕ್ಕಿಂತ ವೇಗವಾಗಿಯೂ ಬೆಳೆಯುತ್ತ ಹೋಯಿತು. ಮೂರು ಮಿಲಿಮೀಟರ್ ಕೆಳಗೆ ಬಿದ್ದಿದ್ದ 25ನೆಯ ಮಿಲಿಸೆಕೆಂಡಿನ ಚಿತ್ರದಲ್ಲಿ, ದುಂಡನೆಯ ಮಸುಕು ಮೋಡದ ನಡುವೆ, ಕಡುಗಪ್ಪು ಅಂಡಾಕಾರವೊಂದು ನೆಟ್ಟಗೆ ಎದ್ದು ನಿಂತಿತ್ತು.